ಯೆಜ್ಡಿ ಯಜಮಾನರು

ಯೆಜ್ಡಿ ಯಜಮಾನರು ಹಳೇ ಮೈಸೂರು ಸೀಮೆಯಲ್ಲಿ, ಅದರಲ್ಲೂ ಮೈಸೂರು ಮತ್ತು ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ, ಹೇರಳವಾಗಿ ಸಿಗುವ ಒಂದು ಬಗೆಯ ಗೃಹಸ್ಥರು. ವಯಸ್ಸು ಐವತ್ತರ ಆಚೆ. ಬ್ಯಾಂಕು, ಜೀವವಿಮೆ, ವಿದ್ಯುತ್ ಇಲಾಖೆ, ಹೈಸ್ಕೂಲು ಮುಂತಾದ ಕಡೆ ಕೆಲಸ ಮಾಡಿ ನಿವೃತ್ತರಾದವರು, ಇಲ್ಲವೇ ನಿವೃತ್ತಿಗೆ ದಿನ ಎಣಿಸುತ್ತಿರುವವರು. ದಿನಬಳಕೆಗೆ ಒಂದು ಸ್ಕೂಟರೋ ಸಣ್ಣ ಕಾರೋ ಇರುತ್ತದೆ. ಅದು ಎಂದೂ ಕೆಡುವುದಿಲ್ಲವಾದ್ದರಿಂದ ಅದರ ಬಗ್ಗೆ ಇವರಿಗೆ ಗೌರವವೂ ಇಲ್ಲ. ಇವರ ನಿಜವಾದ ಗಾಡಿ, ಅಂದರೆ ಯೆಜ್ಡಿ ಬೈಕು, ಮನೆ ಪಕ್ಕದ ಓಣಿಯಲ್ಲಿ, ಹಳೇ ಬೆಡ್‌ಶೀಟು ಹೊದ್ದು, ಕೆಳಗೆ ಒಂದು ಅಲ್ಯೂಮಿನಿಯಂ ತಟ್ಟೆ ಇಟ್ಟುಕೊಂಡು ನಿಂತಿರುತ್ತದೆ. ತಟ್ಟೆ ಇರುವುದು ಸೋರುವ ಆಯಿಲ್ ಹಿಡಿಯಲು. ಒಂದು ಕಾಲಕ್ಕೆ ಅದು ಮನೆಯಲ್ಲಿ ದೋಸೆ ಹಿಟ್ಟಿನ ಪಾತ್ರೆಗೆ ಮುಚ್ಚುತ್ತಿದ್ದ ತಟ್ಟೆ. ಆ ವಿಷಯ ಇನ್ನೂ ಇತ್ಯರ್ಥವಾಗಿಲ್ಲ.

ಗಾಡಿಯ ಹುಟ್ಟೂರು ಮೈಸೂರು. ಚೆಕೊಸ್ಲೊವಾಕಿಯದ ಜಾವಾ ಕಂಪನಿಯಿಂದ ಪರವಾನಗಿ ಪಡೆದು ಇರಾನಿ ಮನೆತನದವರು ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ನಡೆಸಿದರು. 1961ರಿಂದ ಅಲ್ಲಿ ಜಾವಾ ತಯಾರಾಯಿತು. 1973ರ ಹೊತ್ತಿಗೆ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್ ಬೀದಿಗಿಳಿಯಿತು. ಎಂಜಿನ್ನು 250 ಸಿಸಿ ಟೂ ಸ್ಟ್ರೋಕ್. ಸಿಲಿಂಡರ್ ಒಂದು, ಸೈಲೆನ್ಸರ್ ಎರಡು. ಒಂದು ಸಿಲಿಂಡರಿಗೆ ಎರಡು ಸೈಲೆನ್ಸರ್ ಯಾಕೆ ಎಂಬ ಪ್ರಶ್ನೆಗೆ ಯಜಮಾನರು ಕೊಡುವ ಉತ್ತರ ಮುಕ್ಕಾಲು ಗಂಟೆ ಹಿಡಿಯುತ್ತದೆ, ಕೇಳದಿರುವುದು ಕ್ಷೇಮ. ಎಂಬತ್ತರ ದಶಕದ ನಡುವೆ ಜಪಾನೀ ತಂತ್ರಜ್ಞಾನದ 100 ಸಿಸಿ ಬೈಕುಗಳು ಬಂದವು. ಲೀಟರಿಗೆ ಯೆಜ್ಡಿಯ ಎರಡರಷ್ಟು ದೂರ ಓಡುವಂಥವು, ತೂಕ ಕಡಿಮೆ, ಎರಡು ಕಿಕ್ಕಿಗೆ ಸ್ಟಾರ್ಟ್. ಜನ ಅತ್ತ ಹೋದರು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಯಜಮಾನರು ಈ ಇಸವಿಯನ್ನು, ಹತ್ತಿರದ ನೆಂಟರೊಬ್ಬರು ತೀರಿಕೊಂಡ ವರ್ಷವನ್ನು ಹೇಳುವಂತೆ, ದನಿ ತಗ್ಗಿಸಿ ಹೇಳುತ್ತಾರೆ.

ಈ ಗಾಡಿಯನ್ನು ಸ್ಟಾರ್ಟ್ ಮಾಡುವುದು ವಿದ್ಯೆಯೇ ಸರಿ. ಕಿಕ್ಕರ್ ಎಲ್ಲಿದೆ ಎಂದು ಹೊಸಬರು ಬಲಗಡೆ ಹುಡುಕುತ್ತಾರೆ, ಅಲ್ಲಿ ಇರುವುದಿಲ್ಲ. ಎಡಗಡೆಯ ಗೇರ್ ಲಿವರನ್ನೇ ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ. ಒದ್ದ ಮೇಲೆ ಮತ್ತೆ ಕೆಳಗಿಳಿದು ಗೇರ್ ಲಿವರ್ ಆಗುತ್ತದೆ. ಅದಕ್ಕೂ ಮುಂಚೆ ಪೆಟ್ರೋಲ್ ಕಾಕ್ ತೆಗೆದು, ಕಾರ್ಬುರೇಟರಿನ ಟಿಕ್ಲರನ್ನು ಬೆರಳಿನಿಂದ ಒತ್ತಿ, ಪೆಟ್ರೋಲ್ ಸ್ವಲ್ಪ ತುಳುಕುವವರೆಗೆ ಕಾಯಬೇಕು. ಕಡಿಮೆ ಒತ್ತಿದರೆ ಹಿಡಿಯುವುದಿಲ್ಲ, ಹೆಚ್ಚು ಒತ್ತಿದರೆ ಪ್ಲಗ್ ನೆನೆದುಹೋಗುತ್ತದೆ. ಎಷ್ಟು ಒತ್ತಬೇಕೆಂಬುದು ಯಜಮಾನರ ಹೆಬ್ಬೆರಳಿಗೆ ಮಾತ್ರ ಗೊತ್ತು. ಗಾಡಿಗೆ ಬೀಗ ಹಾಕದೆ ಮಾರ್ಕೆಟ್ಟಿಗೆ ಹೋಗಿಬರುವ ಧೈರ್ಯ ಅವರಿಗೆ ಇರುವುದೂ ಇದರಿಂದಲೇ. ಕಳ್ಳನೂ ಮೊದಲು ಅವರ ಹತ್ತಿರ ಪಾಠ ಹೇಳಿಸಿಕೊಳ್ಳಬೇಕು, ಅವರು ಹೇಳಿಕೊಡದೆಯೂ ಇರಲಾರರು.

ಬಂಕಿನಲ್ಲಿ ಇನ್ನೊಂದು ಅಧ್ಯಾಯ. ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನ ಜೊತೆಗೇ ಆಯಿಲ್ ಬೆರೆಸಬೇಕು. ಲೀಟರಿಗೆ ಮೂವತ್ತೋ ನಲವತ್ತೋ ಎಂಎಲ್. ಮೂವತ್ತು ಸಾಕೆನ್ನುವವರು ಒಂದು ಪಂಥ, ನಲವತ್ತು ಬೇಕೆನ್ನುವವರು ಇನ್ನೊಂದು. ಎರಡೂ ಪಂಥದವರು ಒಂದೇ ಮದುವೆ ಊಟದ ಪಂಕ್ತಿಯಲ್ಲಿ ಎದುರುಬದುರು ಕೂತರೆ ಸಾರು ಬಂದದ್ದು ಇಬ್ಬರಿಗೂ ಗೊತ್ತಾಗುವುದಿಲ್ಲ. ಯಜಮಾನರು ಆಯಿಲನ್ನು ಕೆಮ್ಮಿನ ಔಷಧಿಯ ಅಳತೆ ಮುಚ್ಚಳದಲ್ಲಿ ಅಳೆದು ಹಾಕಿ, ಸೀಟಿನ ಮೇಲೆ ಕೂತು, ಎರಡೂ ಕಾಲು ನೆಲಕ್ಕೆ ಊರಿ, ಗಾಡಿಯನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸುತ್ತಾರೆ. ಹಿಂದೆ ಕ್ಯೂನಲ್ಲಿರುವವರು ಹಾರ್ನ್ ಹೊಡೆಯುತ್ತಾರೆ. ಬೆರೆಯುವುದಕ್ಕೆ ಹೊತ್ತು ಬೇಕೆಂದು ಯಜಮಾನರು ಅವರಿಗೂ ವಿವರಿಸುತ್ತಾರೆ.

ಇಷ್ಟೆಲ್ಲ ಪೂರ್ವಸಿದ್ಧತೆ ಒಂದು ಪ್ರಯಾಣಕ್ಕಾಗಿ. ಶ್ರೀರಂಗಪಟ್ಟಣ, ಮೇಲುಕೋಟೆ, ತಲಕಾಡು, ಬಿಳಿಗಿರಿರಂಗನ ಬೆಟ್ಟ, ಹಿಮವದ್ ಗೋಪಾಲಸ್ವಾಮಿ ಬೆಟ್ಟ ಹೀಗೆ ಬೆಳಿಗ್ಗೆ ಹೋಗಿ ಸಂಜೆ ಬರುವ ಊರುಗಳನ್ನು ಯಜಮಾನರು ಆರಿಸಿಕೊಳ್ಳುತ್ತಾರೆ. ಊರು ಯಾವುದೆಂಬುದು ನೆಪಕ್ಕೆ. ಅವರೊಡನೆ ಹೋದವರೆಲ್ಲ ಬೇಗನೆ ಕಂಡುಕೊಳ್ಳುವ ಸಂಗತಿಯೆಂದರೆ, ದಾರಿಯಲ್ಲಿ ಗಾಡಿ ಕೆಡುವುದು ಈ ಪ್ರಯಾಣಕ್ಕೆ ಬಂದ ಅಡ್ಡಿಯಲ್ಲ, ಅದೇ ಕಾರ್ಯಕ್ರಮ. ನಲವತ್ತು ಕಿಲೋಮೀಟರ್ ಒಂದೇ ಸಮನೆ ಓಡಿತೆಂದರೆ ಯಜಮಾನರ ಮುಖ ಬಾಡುತ್ತದೆ. ಕಿವಿ ಎಂಜಿನ್ನಿನ ಕಡೆ ವಾಲುತ್ತದೆ. 'ಏನೋ ಸದ್ದು ಬರ್ತಾ ಇದೆ ಅಲ್ವೇನೋ' ಎಂದು ಹಿಂದಿನ ಸೀಟಿಗೆ ಕೇಳುತ್ತಾರೆ. ಯಾವ ಸದ್ದೂ ಇಲ್ಲವೆಂದರೆ ಸದ್ದಿಲ್ಲದ್ದಕ್ಕೆ ಗಾಡಿ ನಿಲ್ಲಿಸುತ್ತಾರೆ.

ಹಿಂದಿನ ಸೀಟಿನವನ ಬಗ್ಗೆ ಇಲ್ಲಿ ಹೇಳಬೇಕು, ಏಕೆಂದರೆ ಅವನಿಲ್ಲದೆ ಯಜಮಾನರು ಹೊರಡುವುದಿಲ್ಲ. ಹೆಂಡತಿ ಮದುವೆಯಾದ ಹೊಸತರಲ್ಲಿ ಬಂದಿರುತ್ತಾರೆ. ಮಂಡ್ಯ ದಾಟಿ ಒಂದು ಮೈಲಿಗಲ್ಲಿನ ಮೇಲೆ ರೇಷ್ಮೆ ಸೀರೆಯಲ್ಲಿ ಎರಡು ಗಂಟೆ ಕೂತು, ಹೋಗಬೇಕಿದ್ದ ಮದುವೆಯ ಧಾರೆ ತಪ್ಪಿದ ದಿನದಿಂದ ಬಸ್ಸಿಗೆ ನಿಷ್ಠರಾಗಿದ್ದಾರೆ. ಮಗ ಇಂಜಿನಿಯರಿಂಗ್ ಓದಿದವನು, ಇಂಜಿನಿಯರಿಂಗ್ ಓದಿದ ಕಾರಣಕ್ಕೇ ಬರುವುದಿಲ್ಲ. ಉಳಿದವನು ಹೆಂಡತಿಯ ತಮ್ಮ. ಭಾವ ಕರೆದರೆ ಇಲ್ಲವೆನ್ನಲು ಬರುವುದಿಲ್ಲ, ಅಕ್ಕನ ಮನೆಯ ಊಟದ ಋಣ ಇರುತ್ತದೆ. ಭಾವಮೈದುನನ ಯೋಗ್ಯತೆಗಳು ಮೂರೇ: ಟಾರ್ಚು ಹಿಡಿಯುವುದು, ಬಿಚ್ಚಿದ ಸ್ಕ್ರೂ ಮತ್ತು ವಾಷರುಗಳನ್ನು ಅಂಗೈಯಲ್ಲಿ ಕಾಪಾಡುವುದು, ತಳ್ಳುವುದು. ಇವುಗಳಲ್ಲಿ ಎರಡನೆಯದರಲ್ಲಿ ಅವನು ಸಾಮಾನ್ಯವಾಗಿ ಅನುತ್ತೀರ್ಣ. ಹುಲ್ಲಿನಲ್ಲಿ ಬಿದ್ದ ಹಿತ್ತಾಳೆ ವಾಷರ್ ಹುಡುಕಲು ಅವನಿಗೆ ಗೊತ್ತಿರುವ ಒಂದೇ ಉಪಾಯ, ಅದು ಬಿದ್ದೇ ಇಲ್ಲವೆಂದು ವಾದಿಸುವುದು.

ಗಾಡಿಯ ಪಕ್ಕದ ಡಬ್ಬಿಯಲ್ಲಿ ಇರುವ ಸಾಮಾನು: ಪ್ಲಗ್ ಸ್ಪ್ಯಾನರ್ ಒಂದು, ಮೈಕೋ ಪ್ಲಗ್ ಎರಡು, ಒಂದು ಹಳತು, ಒಂದು ಅದಕ್ಕಿಂತ ಹಳತು, ಉಪ್ಪು ಕಾಗದದ ತುಂಡುಗಳು, ಮುರಿದ ಹ್ಯಾಕ್ಸಾ ಬ್ಲೇಡು, ಕ್ಲಚ್ ವಯರು, ಚೈನ್ ಲಾಕು, ಇನ್ಸುಲೇಷನ್ ಟೇಪು, ಬನಿಯನ್ ಹರಿದು ಮಾಡಿದ ಬಟ್ಟೆ, ಸೇಫ್ಟಿ ಪಿನ್ನು, ಯಾವ ಗಾಡಿಯದೆಂದು ಮರೆತುಹೋದ ಒಂದು ಸ್ಪ್ರಿಂಗು. ಪ್ರತಿಯೊಂದಕ್ಕೂ ಕಥೆಯಿದೆ. ಆ ಸ್ಪ್ರಿಂಗು ಮಾತ್ರ ಹೇಗೆ ಬಂತೆಂದು ಯಾರಿಗೂ ತಿಳಿಯದು, ಬಿಸಾಡಲು ಧೈರ್ಯವೂ ಇಲ್ಲ, ಏಕೆಂದರೆ ಕಳೆದ ಸಲ ಎಂಜಿನ್ ಜೋಡಿಸಿದಾಗ ಉಳಿದದ್ದು ಅದೇ ಇದ್ದರೂ ಇರಬಹುದು.

ಕೆಡುವ ಬಗೆಗಳು ಬಹಳವಿಲ್ಲ. ಆಯಿಲ್ ಸುಟ್ಟು ಬಂದ ಮಸಿ ಪ್ಲಗ್ಗಿನ ಎರಡು ತುದಿಗಳ ನಡುವೆ ಕೂತರೆ ಕಿಡಿ ಹಾರುವುದಿಲ್ಲ. ಬಲಗಡೆ ಮುಚ್ಚಳದೊಳಗಿನ ಕಾಂಟ್ಯಾಕ್ಟ್ ಪಾಯಿಂಟು ಸವೆದರೆ ಕಿಡಿ ಹೊತ್ತು ತಪ್ಪಿ ಹಾರುತ್ತದೆ. ಅದರ ಸಂದು 0.4 ಮಿಲಿಮೀಟರ್ ಇರಬೇಕು, ಅಂದಾಜಿನ ಅಳತೆಗೆ ಆ ಹ್ಯಾಕ್ಸಾ ಬ್ಲೇಡು. ಕಾರ್ಬುರೇಟರಿನ ಜೆಟ್ಟಿನಲ್ಲಿ ಕಸ ಕೂರುತ್ತದೆ. ಕ್ಲಚ್ ವಯರು ಹರಿಯುತ್ತದೆ, ಆದರೆ ಯಜಮಾನರು ಅದನ್ನು ರಿಪೇರಿಯ ಲೆಕ್ಕಕ್ಕೇ ಹಿಡಿಯುವುದಿಲ್ಲ. ಗೇರ್ ಲಿವರ್ ತುಳಿದಾಗ ಕ್ಲಚ್ ತಾನಾಗಿಯೇ ಬಿಟ್ಟುಕೊಳ್ಳುವ ಏರ್ಪಾಡು ಈ ಗಾಡಿಯಲ್ಲಿ ಕಾರ್ಖಾನೆಯಿಂದಲೇ ಇದೆ, ವಯರು ಹರಿದದ್ದನ್ನು ಮನೆಗೆ ಬಂದ ಮೇಲೆ ಹೇಳಿ ಹೆಮ್ಮೆಪಡುತ್ತಾರೆ. ನಿಜಕ್ಕೂ ಕೆಟ್ಟದ್ದು ಸೀಜ್ ಆಗುವುದು. ಆಯಿಲ್ ಸಾಲದೆ ಬಿಸಿಯಾದ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ, ಹಿಂದಿನ ಚಕ್ರ ಇದ್ದಕ್ಕಿದ್ದಂತೆ ನಿಂತು ಎಳೆಯುತ್ತದೆ. ಉದ್ದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟರೂ ಈ ಅಪಾಯ ಉಂಟು, ಏಕೆಂದರೆ ಪೆಟ್ರೋಲ್ ನಿಂತರೆ ಅದರೊಡನೆ ಬರುವ ಆಯಿಲೂ ನಿಲ್ಲುತ್ತದೆ. ಚಾಮುಂಡಿ ಬೆಟ್ಟ ಇಳಿಯುವಾಗ ಯಜಮಾನರು ನಡುನಡುವೆ ಸುಮ್ಮನೆ ಆಕ್ಸಿಲರೇಟರ್ ತಿರುವುವುದು ಶೋಕಿಗಲ್ಲ.

ಇವಿಷ್ಟರಲ್ಲಿ ಯಾವುದೂ ಅಲ್ಲದ ತೊಂದರೆ ಬಂದಾಗ ಯಜಮಾನರ ಸ್ವಭಾವ ಪೂರ್ತಿಯಾಗಿ ಬಯಲಾಗುತ್ತದೆ. ನಂಜನಗೂಡು ದಾಟಿ ಗುಂಡ್ಲುಪೇಟೆಗೆ ಹೋಗುವ ಹೆದ್ದಾರಿಯಲ್ಲಿ, ಬೇಗೂರಿಗೆ ಇನ್ನೂ ಸ್ವಲ್ಪ ದೂರವಿರುವಾಗ ನಡೆದ ಪ್ರಸಂಗ ಇದಕ್ಕೆ ಮಾದರಿ. ಆಷಾಢದ ಭಾನುವಾರ, ಎರಡೂ ಕಡೆ ಸೂರ್ಯಕಾಂತಿ, ಚೆಂಡುಹೂವಿನ ಹೊಲ. ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವುದೆಂದು ತೀರ್ಮಾನ. ಬೆಟ್ಟದ ಬುಡದಿಂದ ಮೇಲಕ್ಕೆ ಸ್ವಂತ ವಾಹನ ಬಿಡುವುದಿಲ್ಲ, ಸರ್ಕಾರಿ ಬಸ್ಸೇ ಗತಿ. ಯಜಮಾನರು ಇದನ್ನು ಯೆಜ್ಡಿಗೆ ಆದ ಅವಮಾನವೆಂದು ಅರ್ಧ ದಾರಿ ಗೊಣಗಿದ್ದರು. ಗಾಡಿ ಗಕ್ಕೆಂದಿತು, ಎರಡು ಸಲ ಮುಗ್ಗರಿಸಿತು, ನಿಂತಿತು. ಯಜಮಾನರು ಇಳಿದು, ಹೆಲ್ಮೆಟ್ ತೆಗೆದು ಕನ್ನಡಿಗೆ ಸಿಕ್ಕಿಸಿ, ಶರ್ಟಿನ ತೋಳು ಮಡಿಸಿದರು. ಹತ್ತು ವರ್ಷ ಚಿಕ್ಕವರಾಗಿ ಕಂಡರು.

'ಐದೇ ನಿಮಿಷ' ಎಂದರು. ಈ ಮಾತು ಎಲ್ಲ ಯಜಮಾನರಿಗೂ ಸಮಾನ. ಗಡಿಯಾರಕ್ಕೂ ಅದಕ್ಕೂ ಸಂಬಂಧವಿಲ್ಲ.

ಮೊದಲು ಪ್ಲಗ್ಗು. ಬಿಚ್ಚಿ, ಕನ್ನಡಕ ಹಣೆಗೇರಿಸಿ, ಬಿಸಿಲಿಗೆ ಹಿಡಿದು ನೋಡುವ ಕ್ರಮವಿದೆ. ಒದ್ದೆ ಕಪ್ಪಾದರೆ ಆಯಿಲ್ ಹೆಚ್ಚು, ಬೆಳ್ಳಗಾದರೆ ಪೆಟ್ರೋಲ್ ಸಾಲದು, ಕಂದು ಬಣ್ಣವಿದ್ದರೆ ಆರೋಗ್ಯ. ಕಂದು ಬಣ್ಣವೇ ಇತ್ತು. ಯಜಮಾನರಿಗೆ ಇದು ಹಿಡಿಸಲಿಲ್ಲ. ಆದರೂ ಉಪ್ಪು ಕಾಗದದಲ್ಲಿ ಉಜ್ಜಿದರು. ಕಿಡಿ ನೋಡಬೇಕೆಂದು ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಸಿಲಿಂಡರ್ ಹೆಡ್ಡಿಗೆ ತಾಗಿಸಿ ಹಿಡಿದುಕೊಳ್ಳಲು ಭಾವಮೈದುನನಿಗೆ ಹೇಳಿದರು.

'ಶಾಕ್ ಹೊಡೆಯಲ್ವಾ ಭಾವ?'

'ಆರು ವೋಲ್ಟ್ ಬ್ಯಾಟ್ರಿ ಕಣೋ, ಏನು ಹೊಡೆಯತ್ತೆ. ಹಿಡ್ಕೋ.'

ಬ್ಯಾಟರಿ ಆರು ವೋಲ್ಟಿನದಾದರೂ ಇಗ್ನಿಷನ್ ಕಾಯಿಲ್ ಅದನ್ನು ಸಾವಿರಾರು ವೋಲ್ಟಿಗೆ ಏರಿಸಿ ಪ್ಲಗ್ಗಿಗೆ ಕಳಿಸುತ್ತದೆ. ಕ್ಯಾಪಿನ ರಬ್ಬರು ಸೀಳಿತ್ತು. ಭಾವಮೈದುನ ಚೆಂಡುಹೂವಿನ ಬದಿಗೆ ಮೂರು ಹೆಜ್ಜೆ ಹಾರಿದ್ದನ್ನು ಕಂಡು ಯಜಮಾನರು ಬಹಳ ಸಂತೋಷದಿಂದ, 'ನೋಡು, ಕರೆಂಟ್ ಚೆನ್ನಾಗಿ ಬರ್ತಾ ಇದೆ' ಎಂದರು.

ಕರೆಂಟ್ ಇದೆಯೆಂದರೆ ಕಾರ್ಬುರೇಟರ್. ಪೆಟ್ರೋಲ್ ಪೈಪು ಕಿತ್ತು ನೋಡಿದಾಗ ಸಣ್ಣ ಧಾರೆ ಬಂತು. ಅದು ಸ್ವಲ್ಪ ಹೊತ್ತಿನಲ್ಲಿ ತೊಟ್ಟಿಕ್ಕತೊಡಗಿದ್ದನ್ನು ಗಮನಿಸುವ ವ್ಯವಧಾನ ಅವರಿಗಿರಲಿಲ್ಲ, ಆಗಲೇ ಸ್ಪ್ಯಾನರಿಗೆ ಕೈ ಹಾಕಿದ್ದರು. ಟವೆಲ್ ಹಾಸಿ ಅದರ ಮೇಲೆ ಫ್ಲೋಟು, ಸೂಜಿ, ಸ್ಲೈಡು, ಎರಡು ಜೆಟ್ಟು ಸಾಲಾಗಿ ಇಟ್ಟರು. ಜೆಟ್ಟನ್ನು ಬಾಯಲ್ಲಿಟ್ಟು ಊದಿದರು, ಸೂರ್ಯನಿಗೆ ಹಿಡಿದು ತೂತಿನಲ್ಲಿ ನೋಡಿದರು, ಮತ್ತೆ ಊದಿದರು. ಜೋಡಿಸಿ ಕಿಕ್ ಹೊಡೆದರೆ ಗಾಡಿ ಸ್ಟಾರ್ಟಾಗಿ, ಇಬ್ಬರೂ ಹತ್ತಿ ಕೂತು, ನಾಲ್ಕು ಫರ್ಲಾಂಗು ಹೋಗಿ, ಮತ್ತೆ ಗಕ್ಕೆಂದು ನಿಂತಿತು. ಈ ಸಲ ಬಲಗಡೆಯ ಮುಚ್ಚಳ ಬಿಚ್ಚಿ ಪಾಯಿಂಟು. ಅದೂ ಆಗಿ ಇನ್ನೊಂದು ನಾಲ್ಕು ಫರ್ಲಾಂಗು. ಹೀಗೆ ಬೇಗೂರಿನ ಕಡೆಗೆ ಕಂತಿನಲ್ಲಿ ಪ್ರಯಾಣ ಸಾಗಿತು.

ಪ್ರತಿ ನಿಲುಗಡೆಯಲ್ಲೂ ಜನ ಸೇರುತ್ತಿದ್ದರು. ರಸ್ತೆಬದಿಯಲ್ಲಿ ಬಿಚ್ಚಿದ ಎಂಜಿನ್ ಕಂಡರೆ ಈ ನಾಡಿನಲ್ಲಿ ಯಾರೂ ಹಾಗೇ ಹೋಗುವುದಿಲ್ಲ. ಟ್ರಾಕ್ಟರಿನವನು ಬಂದು ಕಂಡೆನ್ಸರ್ ಹೋಗಿದೆ ಎಂದ. ಟಿವಿಎಸ್ ಮೊಪೆಡ್ಡಿನಲ್ಲಿ ಬಾಳೆಗೊನೆ ಹೇರಿಕೊಂಡು ಹೋಗುತ್ತಿದ್ದವರು ಗೊನೆ ಸಮೇತ ನಿಂತು, ತಮ್ಮ ಮಾವನ ಹತ್ತಿರವೂ ಇಂಥದೇ ಇತ್ತು, ಕೊನೆಗೆ ಗುಜರಿಗೆ ಹಾಕಿದರು ಎಂದರು. ಯಜಮಾನರು ಅವರ ಕಡೆ ತಿರುಗಿಯೂ ನೋಡಲಿಲ್ಲ. ಕೊನೆಗೆ ಕುರಿ ಹೊಡೆದುಕೊಂಡು ಬಂದ ಒಬ್ಬ ಮುದುಕರು ಕೋಲು ಕಂಕುಳಿಗೆ ಸಿಕ್ಕಿಸಿ, ಎಲ್ಲ ದಾರಿಹೋಕರೂ ಮೊದಲಿಗೆ ಕೇಳುವುದನ್ನೇ ಕೇಳಿದರು.

'ಏನ್ ಬುದ್ದಿ, ಪೆಟ್ರೋಲ್ ಅದಾ?'

ಯಜಮಾನರಿಗೆ ಲೋಕದಲ್ಲಿ ಇದಕ್ಕಿಂತ ದೊಡ್ಡ ಅಪಮಾನವಿಲ್ಲ. ಮೂವತ್ತು ವರ್ಷದಿಂದ ಗಾಡಿ ಇಟ್ಟವರಿಗೆ ಪೆಟ್ರೋಲ್ ಇದೆಯೇ ಎಂದು ಕೇಳುವುದೆಂದರೇನು! 'ತೋರಿಸೋ ಇವರಿಗೆ' ಎಂದು ಭಾವಮೈದುನನಿಗೆ ಗದರಿದರು. ಅವನು ಟ್ಯಾಂಕಿನ ಮುಚ್ಚಳ ತಿರುಗಿಸಿದ. ಫುಸ್ಸೆಂದು ಗಾಳಿ ಒಳಗೆ ನುಗ್ಗಿದ ಸದ್ದು ಬಂತು. ಮುದುಕರು ಬಗ್ಗಿ ನೋಡಿ, 'ಅದ ಅದ' ಎಂದು ಕುರಿಗಳ ಹಿಂದೆ ಹೋದರು. ಕಿಕ್ ಹೊಡೆದರೆ ಗಾಡಿ ಒಂದೇ ಏಟಿಗೆ ಹಿಡಿಯಿತು.

ಟ್ಯಾಂಕಿನಿಂದ ಪೆಟ್ರೋಲ್ ಇಳಿದಷ್ಟೂ ಆ ಜಾಗಕ್ಕೆ ಗಾಳಿ ಬರಬೇಕು. ಅದಕ್ಕಾಗಿ ಮುಚ್ಚಳದಲ್ಲಿ ಗುಂಡುಸೂಜಿ ಹೋಗುವಷ್ಟು ಒಂದು ತೂತು ಇರುತ್ತದೆ. ತೂತು ಕಟ್ಟಿದರೆ ಒಳಗೆ ನಿರ್ವಾತ ಬೆಳೆದು ಪೆಟ್ರೋಲ್ ಇಳಿಯುವುದು ನಿಲ್ಲುತ್ತದೆ. ಸ್ವಲ್ಪ ಹೊತ್ತು ನಿಲ್ಲಿಸಿದರೆ ಹೇಗೋ ಗಾಳಿ ನುಸುಳಿ ಗಾಡಿ ಮತ್ತೆ ನಾಲ್ಕು ಫರ್ಲಾಂಗು ಓಡುತ್ತದೆ. ಮುಚ್ಚಳವನ್ನು ಬಿಸಿಲಿಗೆ ಹಿಡಿದಾಗ ಆ ತೂತಿನಲ್ಲಿ ಬೆಳ್ಳಗೆ ಒಣಗಿದ ಪಾಲಿಷ್ ಕಂಡಿತು. ಹಿಂದಿನ ಸಂಜೆ ಯಜಮಾನರು ಕ್ರೋಮು ಹೊಳೆಯಲೆಂದು ತಾವೇ ಕೂತು ಹಚ್ಚಿದ್ದು. ಭಾವಮೈದುನ ಸೇಫ್ಟಿ ಪಿನ್ನಿನಿಂದ ಅದನ್ನು ಕೆದಕಿ ತೆಗೆದು, ಮಾತಾಡದೆ ಮುಚ್ಚಳ ಅವರ ಕೈಗೆ ಕೊಟ್ಟ. ಯಜಮಾನರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಹೇಳಿದ್ದು ಇಷ್ಟು: 'ಇದೂ ಒಂದು ಇತ್ತು ಅನ್ನು. ಆದರೆ ಮುಖ್ಯ ತೊಂದರೆ ಜೆಟ್ಟಿಂದೇ.' ಅವರು ಈಗಲೂ ಬೇಗೂರಿನ ಕಥೆಯನ್ನು ಜೆಟ್ಟಿನ ಕಥೆಯಾಗಿಯೇ ಹೇಳುತ್ತಾರೆ. ಅದರಲ್ಲಿ ಮುದುಕರೂ ಇಲ್ಲ, ಕುರಿಗಳೂ ಇಲ್ಲ, ಶಾಕು ಮಾತ್ರ ಇದೆ, ಪ್ರತಿ ಸಲವೂ ಹಾರಿದ ದೂರ ಒಂದು ಹೆಜ್ಜೆ ಹೆಚ್ಚಾಗುತ್ತದೆ.

ಬೆಟ್ಟದ ಬಸ್ಸು ಆ ದಿನ ಸಿಗಲಿಲ್ಲ. ಗುಂಡ್ಲುಪೇಟೆಯಲ್ಲಿ ಕಾಫಿ ಕುಡಿದು ಹಿಂದಿರುಗಿದ್ದಾಯಿತು. ಯಜಮಾನರ ಮುಖದಲ್ಲಿ ದೇವರ ದರ್ಶನ ಆದವರ ಕಳೆಯಿತ್ತು.

ಮಾತಿನಲ್ಲೂ ಯಜಮಾನರಿಗೆ ಒಂದು ಕ್ರಮವಿದೆ. ಗಾಡಿ ಕೆಟ್ಟಿದೆ ಎಂದು ಅವರ ಬಾಯಲ್ಲಿ ಬರುವುದಿಲ್ಲ. 'ಬಿಸಿ ಆಗಿದೆ', 'ಕಸ ಕೂತಿದೆ', 'ಬೇಜಾರು ಮಾಡ್ಕೊಂಡಿದೆ' ಎನ್ನುತ್ತಾರೆ. ಬೇರೆಯವರ ಗಾಡಿ ನಿಂತರೆ ಮಾತ್ರ ಅದು ಕೆಟ್ಟಿದೆ. ಬುಲೆಟ್ಟಿನವರ ಜೊತೆ ದಾಯಾದಿ ಮತ್ಸರ. ಸೋರುವ ಆಯಿಲಿನ ಪ್ರಮಾಣದಲ್ಲಿ ತಮ್ಮದು ಕಡಿಮೆ ಎಂಬುದು ವಾದದ ತಿರುಳು. ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳನ್ನು ನಿಷೇಧಿಸಿದಾಗ ಎಲ್ಲರೂ ಸಿಟ್ಟಾದರು, ಯಜಮಾನರು ಆಗಲಿಲ್ಲ. ಹಳೇ ರಸ್ತೆಯಲ್ಲಿ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ಒಳಗೇ ಹೋಗಬೇಕು. ಅಲ್ಲಿ ಊರಿಗೆ ನಾಲ್ಕು ಗ್ಯಾರೇಜು, ಪಂಕ್ಚರ್ ಅಂಗಡಿ, ಕೆಟ್ಟು ನಿಂತರೆ ನೆರಳು, ತಿನ್ನಲು ವಡೆ. ಬೇಲಿ ಹಾಕಿದ ಹೆದ್ದಾರಿಯಲ್ಲಿ ಕೆಟ್ಟು ನಿಂತರೆ ಯಾರು ಬಂದು ವಿಚಾರಿಸುತ್ತಾರೆ ಎಂಬ ಅವರ ಪ್ರಶ್ನೆಯಲ್ಲಿ ನ್ಯಾಯವಿದೆ.

ಯಜಮಾನರು ಯಾರ ಮಾತಿಗೂ ಬಗ್ಗುವವರಲ್ಲ, ಮೇಸ್ತ್ರಿಯ ಮಾತೊಂದನ್ನು ಬಿಟ್ಟು. ಮೇಸ್ತ್ರಿ ಎಂದರೆ ಕಾರ್ಖಾನೆ ಮುಚ್ಚಿದ ಮೇಲೆ ಮೈಸೂರಿನ ಗಲ್ಲಿಗಳಲ್ಲಿ ಸಣ್ಣ ಗ್ಯಾರೇಜು ಹಾಕಿಕೊಂಡ ಅಲ್ಲಿನ ಕೆಲಸಗಾರರು, ಇಲ್ಲವೇ ಅವರ ಕೈಯಲ್ಲಿ ಪಳಗಿದವರು. ಯಜಮಾನರಿಗಿಂತ ಹತ್ತು ಹದಿನೈದು ವರ್ಷ ಹಿರಿಯರು. ಗಾಡಿ ಗೇಟಿನ ಹತ್ತಿರ ಬರುವಾಗಲೇ, ಒಳಗೆ ಕೂತಲ್ಲಿಂದಲೇ, ಬಲಗಡೆ ಆಯಿಲ್ ಸೀಲ್ ಹೋಗಿದೆ ಎನ್ನುತ್ತಾರೆ. ಯಜಮಾನರು ದಾರಿಯಲ್ಲಿ ಮಾಡಿದ ರಿಪೇರಿಗಳನ್ನೆಲ್ಲ ಒಂದೂ ಮಾತಾಡದೆ ಬಿಚ್ಚಿ, ಇನ್ಸುಲೇಷನ್ ಟೇಪನ್ನು ಸುರುಳಿ ಸುತ್ತಿ ಅವರ ಕೈಯಲ್ಲಿಡುತ್ತಾರೆ. ಆಗ ಯಜಮಾನರು ಶಾಲಾ ಹುಡುಗನ ಹಾಗೆ ನಿಲ್ಲುವುದನ್ನು ನೋಡಲೆಂದೇ ಭಾವಮೈದುನ ಮೇಸ್ತ್ರಿಯ ಹತ್ತಿರ ಹೋಗುವ ದಿನ ತಪ್ಪಿಸುವುದಿಲ್ಲ.

ಇಂಥ ಮೇಸ್ತ್ರಿಗಳು ಈಗ ಕಡಿಮೆಯಾಗುತ್ತಿದ್ದಾರೆ. ಒಬ್ಬರಿಗೆ ಕಣ್ಣಿನ ಪೊರೆ. ಪಾಯಿಂಟಿನ ಸಂದನ್ನು ಬೆರಳ ತುದಿಯಲ್ಲಿ ಮುಟ್ಟಿ ಹೊಂದಿಸುತ್ತಾರೆ, ಸರಿಯಾಗಿಯೇ ಇರುತ್ತದೆ. ಇನ್ನೊಬ್ಬರ ಮಗ ಅದೇ ಷೆಡ್ಡಿನಲ್ಲಿ ಮೊಬೈಲ್ ಅಂಗಡಿ ಹಾಕಿದ್ದಾನೆ, ಗಾಜಿನ ಶೋಕೇಸಿನ ಕೆಳಗೆ ನೆಲದ ಮೇಲೆ ಆಯಿಲ್ ಕಲೆ ಇನ್ನೂ ಹೋಗಿಲ್ಲ. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಲೆಯಬೇಕು. ಸಿಕ್ಕಿದರೆ ಒಂದು ಬೇಕಾದಲ್ಲಿ ಎರಡು ತರುತ್ತಾರೆ. ಯಜಮಾನರ ಬೀರುವಿನಲ್ಲಿ ಪಿಸ್ಟನ್ ರಿಂಗುಗಳು ಹೆಂಡತಿಯ ಬಳೆಗಳ ಪಕ್ಕದಲ್ಲಿವೆ, ಒಮ್ಮೆ ಅದಲುಬದಲೂ ಆಗಿವೆ.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಹೊಸ ಬೈಕುಗಳ ಮೇಲೆ ಮತ್ತೆ ಬಂದವು. ಫೋರ್ ಸ್ಟ್ರೋಕ್ ಎಂಜಿನ್ನು, ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಯಜಮಾನರು ಷೋರೂಮಿಗೆ ಹೋಗಿ, ಮಗನ ಒತ್ತಾಯಕ್ಕೆ ಒಂದು ಸುತ್ತು ಓಡಿಸಿ, ಚೆನ್ನಾಗಿದೆ ಎಂದು ಒಪ್ಪಿ, 'ಹೆಸರು ನಮ್ಮದು, ಹೊಗೆ ನಮ್ಮದಲ್ಲ' ಎಂದು ಹೊರಬಂದರು. ಮಗನ ಬೈಕು ಬಿಎಸ್-6, ಫ್ಯುಯೆಲ್ ಇಂಜೆಕ್ಷನ್. ಅದೊಂದು ದಿನ ಮಂಡ್ಯದ ಹತ್ತಿರ ನಿಂತಾಗ ಮೀಟರಿನಲ್ಲಿ ಹಳದಿ ದೀಪ ಹತ್ತಿತು, ಅಷ್ಟೇ. ಬಿಚ್ಚಲು ಏನೂ ಇರಲಿಲ್ಲ. ಮಗ ಫೋನು ಮಾಡಿ ಮರದ ಕೆಳಗೆ ಮೊಬೈಲ್ ನೋಡುತ್ತ ಕೂತ. ಕಂಪನಿಯವರು ಲ್ಯಾಪ್‌ಟಾಪ್ ತಂದು ಸಿಕ್ಕಿಸಿ ಸೆನ್ಸರ್ ಬದಲಾಯಿಸಬೇಕೆಂದರು. ಅಷ್ಟು ಹೊತ್ತಿನಲ್ಲಿ ದಾರಿಹೋಕರು ಒಬ್ಬರೂ ನಿಲ್ಲಲಿಲ್ಲ. ಹೊಸ ಗಾಡಿಯ ಪಕ್ಕ ಫೋನು ಹಿಡಿದು ಕೂತವನನ್ನು ಏನೆಂದು ಕೇಳುವುದು? ಯಜಮಾನರಿಗೆ ಈ ಸಂಗತಿ ಕೇಳಿ ಗೆದ್ದ ಸಂತೋಷ ಆಗಬೇಕಿತ್ತು. ಆಗಲಿಲ್ಲ. 'ಮೂರು ಗಂಟೆ ಒಬ್ಬನೇ ಕೂತಿದ್ಯೇನೋ?' ಎಂದು ಎರಡು ಸಲ ಕೇಳಿದರು. ಯಜಮಾನರ ರೋಡ್‌ಕಿಂಗ್ ಮೊದಲು ಅವರ ತಂದೆಯದು, ಆರ್‌ಸಿ ಪುಸ್ತಕದಲ್ಲಿ ಬಹಳ ಕಾಲ ತಂದೆಯದೇ ಹೆಸರಿತ್ತು. ತಂದೆ ಮಗನ ನಡುವೆ ಮಾತು ಕಡಿಮೆಯಿದ್ದ ಕಾಲ. ಪ್ಲಗ್ ಕೊಡು, ಟಾರ್ಚ್ ಹಿಡಿ, ಒದಿ ಎಂಬಷ್ಟರಲ್ಲೇ ಭಾನುವಾರಗಳು ಕಳೆದಿದ್ದವು. ಟಾರ್ಚು ಹಿಡಿಯುವವನನ್ನು ಯಜಮಾನರು ಯಾಕೆ ಬಿಡುವುದಿಲ್ಲ ಎಂಬುದಕ್ಕೆ ಅಕ್ಕ ಇದನ್ನೇ ಕಾರಣವಾಗಿ ಹೇಳುತ್ತಾರೆ. ಭಾವಮೈದುನನಿಗೆ ಈ ವಿವರಣೆಯಿಂದ ಶಾಕಿನ ನೋವು ಕಡಿಮೆಯಾಗಿಲ್ಲ, ಆದರೆ ದೂರು ಹೇಳುವ ಹಕ್ಕು ಹೋಯಿತು.

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ. ಅಂದು ಯಜಮಾನರೆಲ್ಲ ಒಂದೆಡೆ ಸೇರುತ್ತಾರೆ, ಬೆಂಗಳೂರಿನಲ್ಲಿ ನೂರಾರು ಗಾಡಿಗಳು ಕೂಡುವುದುಂಟು. ನೀಲಿ ಹೊಗೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಎಲ್ಲರೂ ಬೇರೆಯವರ ಎಂಜಿನ್ನಿಗೆ ಕಿವಿಗೊಟ್ಟು ತಲೆ ಅಲ್ಲಾಡಿಸುತ್ತಾರೆ. ಒಂದು ಗಾಡಿ ಸ್ಟಾರ್ಟ್ ಆಗದಿದ್ದರೆ ಮೂವತ್ತು ಜನ ಸುತ್ತುಗಟ್ಟಿ ಮೂವತ್ತು ಕಾರಣ ಹೇಳುತ್ತಾರೆ, ಮಾಲೀಕರಿಗೆ ಮುಟ್ಟಲೂ ಜಾಗ ಸಿಗುವುದಿಲ್ಲ. ಇದರ ಹೊರತು ಹಬ್ಬದಲ್ಲಿ ಬೇರೆ ಕಾರ್ಯಕ್ರಮ ಇದ್ದರೂ ಯಾರೂ ನೋಡಿದ್ದು ವರದಿಯಾಗಿಲ್ಲ.

ಯಾವ ಉಪಾಯವೂ ನಡೆಯದೆ ಗಾಡಿಯನ್ನು ಸಾಗಿಸಿಕೊಂಡೇ ಬರಬೇಕಾದ ಸಂದರ್ಭಗಳೂ ಉಂಟು. ಆಗ ಟಾಟಾ ಏಸ್ ಹಿಡಿಯುತ್ತಾರೆ. ಬಾಡಿಗೆ ಚೌಕಾಸಿ ಮಾಡುವವನು ಭಾವಮೈದುನ, ಏಕೆಂದರೆ ಯಜಮಾನರು ಗಾಡಿಗೆ ಹಗ್ಗ ಬಿಗಿಯುವುದರಲ್ಲಿ, ಹಗ್ಗ ಪೇಂಟಿಗೆ ಉಜ್ಜದಂತೆ ಗೋಣಿಚೀಲ ಸಿಕ್ಕಿಸುವುದರಲ್ಲಿ ಇರುತ್ತಾರೆ. ಮನೆಯ ಬೀದಿಗೆ ನೇರ ಹೋಗುವಂತಿಲ್ಲ. ಹಿಂದಿನ ಕ್ರಾಸಿನಲ್ಲಿ ಇಳಿಸಿ, ಅಲ್ಲಿಂದ ತಳ್ಳಿಕೊಂಡು, ಗೇಟಿನ ಹತ್ತಿರ ಬಂದಾಗ ಯಜಮಾನರು ಸೀಟಿನ ಮೇಲೆ ಕೂರಬೇಕೆಂಬುದು ನಿಯಮ.

ಯಜಮಾನರೊಡನೆ ಹೊರಡುವವರು ತಿಳಿದಿರಬೇಕಾದದ್ದು ಸ್ವಲ್ಪವೇ. ಹಳೇ ಬಟ್ಟೆ ಹಾಕಿಕೊಳ್ಳಬೇಕು, ಬಿಳಿ ಕೂಡದು. ನೀರು, ಟೋಪಿ, ನೀರಿಗಿಂತ ಮುಖ್ಯವಾಗಿ ಬಿಸ್ಕತ್ತು ಇರಲಿ. ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರವಿಲ್ಲ, ಆದ್ದರಿಂದ ಊಟಿಯ ಕಡೆಗೆ ಹೊರಟರೆ ಮಧ್ಯಾಹ್ನದ ಮೇಲಿನ ಯಾವ 'ಐದು ನಿಮಿಷ'ಕ್ಕೂ ಒಪ್ಪಬಾರದು. ಪ್ಲಗ್ಗನ್ನು ಇಕ್ಕಳದಲ್ಲಿ ಹಿಡಿಯಬೇಕು, ಅದರ ಹಿಡಿಗೆ ಒಳ್ಳೆಯ ರಬ್ಬರ್ ಇದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಬೇಕು. ಟ್ಯಾಂಕಿನ ಮುಚ್ಚಳವನ್ನು ಹೊರಡುವ ಮುಂಚೆ ಒಮ್ಮೆ, ಯಜಮಾನರು ಹೆಲ್ಮೆಟ್ ಹುಡುಕುತ್ತಿರುವಾಗ, ತೆಗೆದು ಊದಿ ಹಾಕುವುದು ಒಳ್ಳೆಯದು. ಕೈಗೆ ಹತ್ತಿದ ಮಸಿ ಸೋಪಿಗೆ ಜಗ್ಗುವುದಿಲ್ಲ. ಮೊದಲು ಕೊಬ್ಬರಿ ಎಣ್ಣೆ, ಆಮೇಲೆ ಸಕ್ಕರೆ ಹಾಕಿ ತಿಕ್ಕಿ, ಕೊನೆಗೆ ಸೋಪು. ಸಕ್ಕರೆಯನ್ನು ಅಕ್ಕನನ್ನು ಕೇಳಿಯೇ ತೆಗೆದುಕೊಳ್ಳಬೇಕು.